ಹನ್ನೊಂದು ದಿನದ ಮುಯ್ಯಿ

2025, ಫೆಬ್ರುವರಿ 9, ಭಾನುವಾರ. ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಮುಂದೆ ಎರಡು ವಸ್ತುಗಳಿವೆ: 2020ರ ನನ್ನ ದಿನಚರಿ ಮತ್ತು ಒಂದು ಲೋಟ ಚಹಾ. ಬರೆಯಲು ಕಾರಣ ಒಂದು ಎಮ್ಮೆ. ಅದನ್ನು ನಿನ್ನೆ ಮಧ್ಯಾಹ್ನ ಮೊದಲ ಸಲ ಕಣ್ಣಾರೆ ಕಂಡೆ. ಆದರೆ ಅದರ ಚಿಂತೆಯನ್ನು ಐದು ವರ್ಷದ ಹಿಂದೆಯೇ ದಿನಕ್ಕೆ ಎರಡು ಹೊತ್ತಿನಂತೆ ಹನ್ನೊಂದು ದಿನ ಮಾಡಿದ್ದೆ. ಆ ಕೆಲಸಕ್ಕೆ ನನ್ನನ್ನು ಹಚ್ಚಿದವರು ಆಯಿ.

ಆಯಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವತ್ತು ನಾನು ದಿನಚರಿ ತೆಗೆದಾಗಲೇ ಅವರು ಕಟ್ಟಪ್ಪಣೆ ಮಾಡಿದ್ದರು. “ನಿನ್ನ ವಹಿಯೊಳಗ ನನ್ನ ಹೆಸರು ಹಾಕಬ್ಯಾಡ ತಂಗಿ. ಯಾವನರ ಸರಕಾರದಾಂವ ಓದಿದ್ನಂದ್ರ ಮತ್ತ ಹದಿನಾಕು ದಿನ ಕುಂಡ್ರಸ್ತಾನ.”

ಆಗ ನನಗೆ ಇಪ್ಪತ್ತು ವರ್ಷ. ಊರು ಚಿಕ್ಕನರಗುಂದ. ಅಣ್ಣ ಗೋವಾದಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ. ಅದೇ ಕಟ್ಟಡದಲ್ಲಿ ಬಂದ ಸಿಮೆಂಟ್ ಚೀಲ, ಹೋದ ಸಿಮೆಂಟ್ ಚೀಲ ಬರೆದಿಡುವ ಕೆಲಸ ನನಗೆ ಸಿಕ್ಕಿತ್ತು. ಲಾಕ್‌ಡೌನ್ ಆಗಿ ಎಲ್ಲ ನಿಂತುಹೋಯಿತು. ಎರಡು ತಿಂಗಳ ಮೇಲೆ ಊರ ಕಡೆಗೆ ಬಸ್ಸು ಬಿಟ್ಟರು. ಬಸ್ಸು ಹತ್ತುವ ದಿನವೇ ಅಣ್ಣನಿಗೆ ಜ್ವರ ಬಂತು. ಜ್ವರ ಇದ್ದವರನ್ನು ಹತ್ತಿಸಿಕೊಳ್ಳುವುದಿಲ್ಲ ಎಂದರು. “ನೀ ನಡಿ, ನಾ ಎರಡು ದಿನ ಬಿಟ್ಟು ಬರ್ತೀನಿ” ಎಂದು ಅವನೇ ನನ್ನ ಚೀಲವನ್ನು ಬಸ್ಸಿಗೆ ಎಸೆದ. ಮರುದಿನದಿಂದ ಅವನ ಫೋನ್ ಸ್ವಿಚ್ಡ್ ಆಫ್.

ಮೇ 19, ಮಂಗಳವಾರ, ನಮ್ಮನ್ನು ಅಸೂಟಿ ದಾಟಿ ಒಂದು ಸರ್ಕಾರಿ ಸಾಲೆಯ ಮುಂದೆ ಇಳಿಸಿದರು. ಹದಿನಾಲ್ಕು ದಿನ ಕ್ವಾರಂಟೈನ್. ನಮ್ಮ ಊರುಗಳು ಬೇರೆ ಬೇರೆ, ಬಸ್ಸು ಮಾತ್ರ ಒಂದು. ಹಾಗಾಗಿ ಏಳೂ ಜನರನ್ನು ಒಂದೇ ಕಡೆ ಇಟ್ಟರು. ಹೆಂಗಸರು ಮೂವರು, ನಾಲ್ಕನೆಯ ಇಯತ್ತೆಯ ಕೋಣೆಯಲ್ಲಿ. ಗಂಡಸರು ನಾಲ್ವರು, ಆಚೆಯ ಕೋಣೆಯಲ್ಲಿ. ನಾನು ಮೊದಲು ಮಾಡಿದ ಕೆಲಸವೆಂದರೆ ಚೀಲ ಬಿಚ್ಚಿ ಅದರಲ್ಲಿದ್ದ ವಸ್ತುಗಳನ್ನೆಲ್ಲ ದಿನಚರಿಯಲ್ಲಿ ಬರೆದುಕೊಂಡದ್ದು. ಎರಡನೆಯದು, ಅಳುವುದು.

ನಮ್ಮ ಕೋಣೆಯ ಮೂವರಲ್ಲಿ ಹಿರಿಯಳನ್ನು ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದರು. ಅವರಿಗೆ ಅರವತ್ತು ದಾಟಿತ್ತು. ಊರು ಪುರ್ತಗೇರಿ. ಗೋವಾದಲ್ಲಿ ರಸ್ತೆ ಕೆಲಸಕ್ಕೆ ಹೋಗಿದ್ದರೂ ಅವರ ನಿಜವಾದ ವಿದ್ಯೆ ಕಳೆ ತೆಗೆಯುವುದು. ಹೆಸರು, ಶೇಂಗಾ, ಉಳ್ಳಾಗಡ್ಡಿ ಹೊಲಗಳಿಗೆ ಇಪ್ಪತ್ತು ಹೆಣ್ಣಾಳುಗಳನ್ನು ಕಟ್ಟಿಕೊಂಡು ಹೋಗಿ, ಸಾಲು ಹಂಚಿ, ಮುಂದೆ ಕೂತು ಕೆಲಸ ತೆಗೆದವರು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಕಳೆ ಕೀಳುವ ಕುರ್ಪಿ ಹಿಡಿದು ಹಿಡಿದು ಎದ್ದ ಗಂಟಿತ್ತು, ಹುಣಸೆಬೀಜದಷ್ಟು. ಮೇಲಿನ ಎರಡು ಹಲ್ಲು ಇರಲಿಲ್ಲ. ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ಹೋಗಬೇಕಾದರೆ ಏಳುತ್ತಲೇ ಇರಲಿಲ್ಲ. ಕುಕ್ಕರಗಾಲಿನಲ್ಲಿ ಕೂತವರು ಕೂತ ಹಾಗೆಯೇ ಸರಸರ ಸರಿದು ಹೋಗುತ್ತಿದ್ದರು.

ಮೊದಲ ದಿನ ನೀರಿನ ಟಾಕಿಯ ಸುತ್ತಲಿನ ಕರಿಕೆ ಕಿತ್ತರು. ಎರಡನೆಯ ದಿನ ಗೋಡೆಯ ಬುಡದ ಜಾಲಿಸಸಿ, ಧ್ವಜಕಟ್ಟೆಯ ಸಂದಿಯ ಹುಲ್ಲು. ಮೂರನೆಯ ದಿನ ಆ ಸಾಲೆಯಲ್ಲಿ ಕೀಳಲು ಏನೂ ಉಳಿಯಲಿಲ್ಲ. ಆಗ ಆಯಿ ನಮ್ಮ ಕಡೆಗೆ ತಿರುಗಿದರು.

ಅವತ್ತು ಮೇ 21. ಅಷ್ಟು ಹೊತ್ತಿಗೆ ನಾನು ಅಣ್ಣನಿಗೆ 63 ಸಲ ಫೋನ್ ಹಚ್ಚಿದ್ದೆ. ಉಪ್ಪಿಟ್ಟು ನಾಲ್ಕು ಸಲ ಬಂದಿತ್ತು, ಒಂದು ಸಲವೂ ತಿಂದಿರಲಿಲ್ಲ. ಆಯಿ ಸರಿದು ಬಂದು ಎದುರಿಗೆ ಕೂತರು.

“ಎಷ್ಟು ದಿನಾ ಆತು ನೀ ಉಣ್ಣದ?”

“ಒಲ್ಲೆರಿ ಆಯಿ. ಅಣ್ಣನ ಚಿಂತಿ ಹತ್ತೈತಿ.”

“ಅಂವನ ಚಿಂತಿ ನೀ ಮಾಡಬ್ಯಾಡ. ನಿನಗ ಬರಂಗಿಲ್ಲ ಅದು. ನನಗ ಕೊಡು, ನಾ ಮಾಡ್ತೀನಿ. ನಂದೊಂದು ಚಿಂತಿ ಐತಿ, ಅದನ್ನ ನೀ ಮಾಡು. ಮುಯ್ಯಿ.”

ನಮ್ಮ ಕಡೆ ಮುಯ್ಯಿ ಎಂದರೆ ಎಲ್ಲರಿಗೂ ಗೊತ್ತು. ಇವತ್ತು ನಾನು ನಿನ್ನ ಹೊಲಕ್ಕೆ ಆಳಾಗಿ ಬರುತ್ತೇನೆ, ನಾಳೆ ನೀನು ನನ್ನ ಹೊಲಕ್ಕೆ ಬಾ. ಕೂಲಿ ಇಲ್ಲ, ದಿನಕ್ಕೆ ದಿನ. ಆದರೆ ಚಿಂತೆಗೆ ಮುಯ್ಯಿ ಹಾಕಿದ್ದನ್ನು ನಾನು ಕೇಳಿರಲಿಲ್ಲ.

“ದೇವ್ರಿಗೆ ಬಿಡಬೇಕಲ್ರಿ ಅದನ್ನ?” ಎಂದೆ.

“ದೇವ್ರಿಗೆ ಈಗ ಏನ್ ಹೇಳ್ತಿ? ಗುಡಿಗೆ ಕೀಲಿ ಹಾಕ್ಯಾರ. ಆತನೂ ಕ್ವಾರಂಟೈನಿನ್ಯಾಗ ಅದಾನ. ಹೊರಗ ಬರೂತನ ನಾವ ನಾವ ಹಂಚ್ಕೋಬೇಕು.”

ಆಯಿ ಕೊಟ್ಟ ಚಿಂತೆ ಎಮ್ಮೆಯದು. ಪುರ್ತಗೇರಿಯ ಮನೆಯಲ್ಲಿ ಗಬ್ಬದ ಎಮ್ಮೆ ಇದೆ, ಇವತ್ತೋ ನಾಳೆಯೋ ಈಯಬೇಕು, ಸೊಸೆ ಒಬ್ಬಳೇ ಇದ್ದಾಳೆ, ಅವಳ ಕೈ ಅಷ್ಟಕ್ಕಷ್ಟೆ. ಎಡಗೊಂಬು ಕಣ್ಣಿನ ಕಡೆಗೆ ಬಾಗಿದೆ. ಹಿಂದಿನ ಸಲ ಕರು ಅಡ್ಡಬಿದ್ದಿತ್ತು. ಇಷ್ಟೆಲ್ಲ ಹೇಳಿ, “ಇದು ಹಗುರ ಅಲ್ಲ ಮತ್ತ. ಮನಸಿಟ್ಟು ಮಾಡು” ಎಂದರು.

ಕ್ರಮ ಹೀಗಿತ್ತು. ಮುಂಜಾನೆ ಚಹಾ ಆದ ಮೇಲೆ ಒಂದು ಸಲ, ಬೇವಿನ ಗಿಡದ ನೆರಳು ಟಾಕಿಗೆ ಮುಟ್ಟಿದಾಗ ಇನ್ನೊಂದು ಸಲ, ಕೂತು ಮಾಡಬೇಕು. ಚಿಂತೆ ಯಾವ ದಿಕ್ಕಿನಲ್ಲಿದೆಯೋ ಆ ದಿಕ್ಕಿಗೆ ಮುಖ. ನಾನು ಪುರ್ತಗೇರಿಯ ಕಡೆಗೆ, ಅಂದರೆ ಮೂಡಣಕ್ಕೆ. ಆಯಿ ಗೋವಾದ ಕಡೆಗೆ, ಪಡುವಣಕ್ಕೆ. ಹೀಗಾಗಿ ಬೆನ್ನಿಗೆ ಬೆನ್ನು ಕೊಟ್ಟು ಕೂಡುತ್ತಿದ್ದೆವು. ಉಳಿದ ಹೊತ್ತು ಯಾರೂ ಯಾವ ಚಿಂತೆಯನ್ನೂ ಮುಟ್ಟುವಂತಿಲ್ಲ.

ಹೇಳುವುದು ಸುಲಭ. ಮೊದಲ ಸಂಜೆ ನಾನು ಎಮ್ಮೆಯನ್ನು ನೆನೆಯಲು ಕೂತು ಐದು ನಿಮಿಷಕ್ಕೆ ಬಿಕ್ಕಿದೆ. ಆಯಿ ತಿರುಗಿಯೂ ನೋಡಲಿಲ್ಲ.

“ಎಮ್ಮಿ ಚಿಂತಿಗೆ ಯಾರೂ ಹಿಂಗ ಅಳಂಗಿಲ್ಲ. ನಿಮ್ಮಣ್ಣನ ಸಾಲಿಗೆ ಕೈ ಹಾಕೀದಿ ನೀ. ತಗಿ ಕೈ. ಅದು ನಂದು.”

ಅವತ್ತಿನ ದಿನಚರಿಯಲ್ಲಿ ಬರೆದಿದ್ದೇನೆ: “ಅಣ್ಣನ ಚಿಂತೆ ಕದ್ದು ಮಾಡಿದ್ದು 14 ಸಲ. ಸಿಕ್ಕಿಬಿದ್ದದ್ದು 11.” ಮರುದಿನ 9. ಅದರ ಮರುದಿನ 9. ಅದರ ಮರುದಿನ 5. ಆ ದಿನ ಮಧ್ಯಾಹ್ನ ಉಪ್ಪಿಟ್ಟು ತಿಂದಿದ್ದೇನೆ, ಎರಡು ಸಲ ನೀಡಿಸಿಕೊಂಡು. ಪಕ್ಕದಲ್ಲಿ ಷರಾ ಇದೆ: “ಉಪ್ಪು ಕಡಿಮೆ.”

ಆಯಿ ಸುಮ್ಮನೆ ಕೂತು ಚಿಂತೆ ಮಾಡುವವರಲ್ಲ. “ಕಾಣದ ಹೊಲದಾಗ ಕಳೆ ಹ್ಯಾಂಗ ತಗೀಲಿ? ಹೊಲಾ ತೋರಸು” ಎಂದು ಅಣ್ಣನ ವಿಷಯ ಕೆದಕುತ್ತಿದ್ದರು. ಯಾವ ಮಗ್ಗುಲಿಗೆ ಮಲಗುತ್ತಾನೆ? ಜ್ವರ ಬಂದರೆ ಗಂಜಿ ಕುಡಿಯುತ್ತಾನೋ, ಹಟ ಮಾಡುತ್ತಾನೋ? ಪಕ್ಕದ ಶೆಡ್ಡಿನಲ್ಲಿ ಯಾರಿದ್ದರು? ಅವನಿಗೆ ನನ್ನ ನಂಬರು ಬಾಯಿಪಾಠ ಬರುತ್ತದೋ? ಬರುವುದಿಲ್ಲ ಎಂದೆ. “ಹಂಗಾದ್ರ ಬ್ಯಾರೆಯವ್ರ ಫೋನಿಲೆ ಹಚ್ಚಾಕ ಬರಂಗಿಲ್ಲ ಅಂವಗ. ಒಂದು ತಿಳೀತು” ಎಂದು ಮತ್ತೆ ಪಡುವಣಕ್ಕೆ ತಿರುಗಿದರು. ಎಮ್ಮೆಯ ಬಗ್ಗೆ ನಾನೂ ಹಾಗೇ ಕೇಳಬೇಕೆಂದು ಒಂದು ದಿನ, “ಸೊಸಿಗೆ ಫೋನ್ ಹಚ್ಚಲೇನ್ರಿ ಆಯಿ? ಈದೈತೋ ಇಲ್ಲೋ ಕೇಳಿಬಿಡೂಣು” ಎಂದೆ. ಆಯಿ ಸಿಟ್ಟಾದರು. “ನಿನಗ ಚಿಂತಿ ಮಾಡಂತ ಹೇಳೀನಿ. ಫೋನ್ ಹಚ್ಚಂತ ಹೇಳಿಲ್ಲ.” ಇದೂ ಮುಯ್ಯಿಯ ಕಟ್ಟಳೆ ಇರಬೇಕೆಂದು ಬರೆದುಕೊಂಡೆ.

ನಮ್ಮಿಬ್ಬರ ವ್ಯವಹಾರ ನೋಡಿ ಉಳಿದವರೂ ಕೂಡಿದರು, ಫಕೀರಪ್ಪನೊಬ್ಬನನ್ನು ಬಿಟ್ಟು. ಅವನು ನೆಲಕ್ಕೆ ಕಲ್ಲು ಹಾಸುವ ಫರಸಿ ಕೆಲಸದವನು, ನಲವತ್ತೈದರ ಆಸುಪಾಸು. “ನನಗ್ಯಾವ ಚಿಂತಿನೂ ಇಲ್ಲಬೇ ಆಯಿ” ಎಂದು ಎದೆಯುಬ್ಬಿಸಿದ. “ಹೊಲಾ ಇಲ್ಲದಾಂವ ಮುಯ್ಯಿಗೆ ಬರಂಗಿಲ್ಲ. ಕೂಡು ಅತ್ತಾಗ” ಎಂದರು ಆಯಿ. ಒಂದು ಹಗಲು ಒಬ್ಬನೇ ಪಡಸಾಲೆಯಲ್ಲಿ ಕೂತು ಸಾಕಾಗಿ, ಮರುದಿನ ಮುಂಜಾನೆ ತಾನಾಗಿಯೇ ಬಂದು ನಿಂತ.

“ಒಂದ್ ಐತಿ. ನಗಬಾರ್ದು ಯಾರೂ.”

ಹೋಗುವಾಗ ಚಟ್ನಿ ರುಬ್ಬಲು ಬೇಕೆಂದು ಮನೆಯ ಮಿಕ್ಸರನ್ನು ಅವನು ಗೋವಾಕ್ಕೆ ಒಯ್ದಿದ್ದ. “ಬರೂಮುಂದ ಮಿಕ್ಸರ ತರದಿದ್ರ ಹೊಸ್ತಲಾ ದಾಟಬ್ಯಾಡ” ಎಂದು ಹೆಂಡತಿ ಆಣೆ ಹಾಕಿದ್ದಳು. ಬಸ್ಸಿನ ಗಡಿಬಿಡಿಯಲ್ಲಿ ಮಿಕ್ಸರ್ ಗೋವಾದಲ್ಲೇ ಉಳಿದಿತ್ತು.

ಎಲ್ಲರೂ ನಕ್ಕರು. ಆಯಿ ನಗಲಿಲ್ಲ. “ಚಲೋ ಚಿಂತಿ ಐತಿ. ತೂಕದ್ದು. ಯಾರು ತಗೋತೀರಿ?” ಎಂದರು. ಆದರೆ ಏಳು ಜನರಲ್ಲಿ ಆಗಲೇ ಮೂರು ಜೋಡಿ ಆಗಿದ್ದವು. ಫಕೀರಪ್ಪ ಒಂಟಿ. ಆಯಿ ಗೇಟಿನ ಕಡೆ ನೋಡಿದರು. ಗೇಟಿನಾಚೆ ಮಾಸ್ತರು ಕೂತಿದ್ದರು.

ಅವರು ಅದೇ ಸಾಲೆಯ ಮಾಸ್ತರು, ನಮ್ಮನ್ನು ಕಾಯುವ ಡ್ಯೂಟಿ ಬಿದ್ದಿತ್ತು. ಭಾಳ ಅಂಜುವ ಮನುಷ್ಯ. ಜ್ವರ ನೋಡುವ ಪಿಸ್ತೂಲನ್ನು ಗೇಟಿನ ಸರಳಿನಿಂದ ಒಳಗೆ ಚಾಚಿ, ಮುಖವನ್ನು ಪೂರ್ತಿ ಆಚೆ ತಿರುಗಿಸಿ ಒತ್ತುತ್ತಿದ್ದರು. ನೋಡದೆ ಒತ್ತುವುದರಿಂದ ಒಂದು ಮಧ್ಯಾಹ್ನ ಫಕೀರಪ್ಪನ ಹಣೆಯ ಬದಲು ಬಿಸಿಲಿಗೆ ಕಾದ ಗೇಟಿನ ಜ್ವರ ನೋಡಿ, ಕುರ್ಚಿ ಬಿಟ್ಟು ಓಡಿದ್ದರು.

“ಮಾಸ್ತರ, ನಿಮಗೇನರ ಚಿಂತಿ ಐತೇನ್ರಿ?” ಆಯಿ ಕೂಗಿದರು.

“ನನಗಾ? ನೀವ ಏಳು ಮಂದಿ ಸಾಲದೇನಬೇ?”

“ಮನೀದು ಹೇಳ್ರಿ, ಮನೀದು.”

ಮಾಸ್ತರು ಹೇಳಿದರು. ಮಗಳದು ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಂದಕ್ಕೆ ಹೋಗಿದೆ. ಓದಿದ್ದೆಲ್ಲ ಮರೆಯುತ್ತಿದ್ದಾಳೆ, ಗಣಿತವಂತೂ ಪೂರಾ. “ಕೊಡ್ರಿ ಇತ್ತಾಗ” ಎಂದರು ಆಯಿ. ಹೀಗೆ ನಾಲ್ಕನೆಯ ಜೋಡಿ ಆಯಿತು.

ಮರುದಿನದಿಂದ ಮುಂಜಾನೆ ಏಳಕ್ಕೆ ಫಕೀರಪ್ಪ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದ. “ಮಾಸ್ತರ, ಹುಡುಗಿ ಎದ್ಲೇನ್ರಿ? ನಿನ್ನೆ ಎಷ್ಟು ಲೆಕ್ಕಾ ಬಿಡಿಸ್ಯಾಳ? ಟೀವಿ ನೋಡಾಕ ಬಿಟ್ಟೀರೇನ?” ತನ್ನ ಮನೆಯಲ್ಲಿ ಯಾರನ್ನೂ ಇಷ್ಟು ವಿಚಾರಿಸಿದವನಲ್ಲ ಎಂದು ಅವನೇ ಹೇಳಿದ. ಗಣಿತದ ಚಿಂತೆ ಮಾಡಬೇಕಾದರೆ ಗಣಿತ ಗೊತ್ತಿರಬೇಕಲ್ಲ ಎಂದು, ನಮ್ಮ ಕೋಣೆಯ ಗೋಡೆಯ ಮೇಲಿದ್ದ ಮಗ್ಗಿಯನ್ನು ಕಿಟಕಿಯಿಂದ ನೋಡಿ ಬಾಯಿಪಾಠ ಮಾಡತೊಡಗಿದ. ಹದಿಮೂರರ ಮಗ್ಗಿಗೆ ಮೂರು ದಿನ ಹಿಡಿಯಿತು.

ಮಾಸ್ತರು ಬೇರೆ ಥರ. ಜವಾಬ್ದಾರಿ ಹೆಚ್ಚಿದ ಮನುಷ್ಯ, ಚಿಂತೆ ಮಾಡುತ್ತ ಕೂಡುವ ಬದಲು ಫಕೀರಪ್ಪನ ಹೆಂಡತಿಗೆ ನೇರ ಫೋನ್ ಮಾಡಿಬಿಟ್ಟರು. ಬಂದು ವರದಿ ಒಪ್ಪಿಸಿದರು: “ಒಳಗ ಬಿಟ್ಕೋತಾರಂತ. ಆದ್ರ ಮೊದ್ಲ ಹದಿನಾಕು ದಿನಾ ಕಟ್ಟಿಮ್ಯಾಲ. ಸರಕಾರದ್ದು ಮುಗಿದ ಮ್ಯಾಲ ತಮ್ಮದು ಶುರು ಅಂತ ಹೇಳ್ಯಾರ.”

ಆಯಿ ಹಣೆ ಹಣೆ ಬಡಿದುಕೊಂಡರು. “ಚಿಂತಿ ಮಾಡ್ರಿ ಅಂದ್ರ ಕೆಲಸಾ ಮಾಡಿ ಬಂದಾರ ಮಾಸ್ತರು!”

ಒಂದು ಸಂಜೆ ಆಯಿ ತಮ್ಮ ಹೆಣ್ಣಾಳುಗಳ ಕತೆ ಹೇಳುತ್ತಿದ್ದರು. ಹೊಸ ಹುಡುಗಿ ಕೆಲಸಕ್ಕೆ ಬಂದರೆ ಎಲ್ಲಿ ಕೂಡಿಸುತ್ತೀರಿ ಎಂದು ಕೇಳಿದೆ. “ನಡುವಿನ ಸಾಲಿಗೆ. ಆಚಿ ಈಚಿ ಕೂತವ್ರು ತಮ್ಮ ಸಾಲು ತಗಕೋಂತನ ಕೈ ಚಾಚಿ ಆಕಿ ಕಳೆನೂ ಕಿತ್ತು ಒಗೀತಾರ. ಆಕಿಗೆ ಹೇಳಂಗಿಲ್ಲ. ಹೇಳಿದ್ರ ಮಾರಿ ಸಣ್ಣದು ಮಾಡ್ತಾಳ. ಸಂಜಿಮುಂದ ‘ನೋಡಬೇ, ನಾನೂ ನಿಮ್ಮ ಸಮಾ ತಗದೆ’ ಅಂತ ಕುಣೀತಿರ್ತಾಳ. ಹೌದವ್ವಾ ಅನ್ನೂದು.” ಇದನ್ನೂ ಬರೆದುಕೊಂಡೆ. ಬರೆದುಕೊಂಡದ್ದೆಲ್ಲ ತಿಳಿಯುತ್ತದೆ ಎಂದು ಆಗ ತಿಳಿದಿದ್ದೆ.

ಮೇ 26, ಮಂಗಳವಾರ, ಎಂಟನೆಯ ದಿನ. ಸಂಜೆ ಪಡುವಣಕ್ಕೆ ಮುಖ ಮಾಡಿ ಕೂತಿದ್ದ ಆಯಿ ತಟ್ಟನೆ ನನ್ನ ಕಡೆ ಸರಿದರು.

“ಅಂವಂದೇನರ ನಿನ್ನ ಚೀಲದಾಗ ಬಂದೈತೇನ?”

“ಇಲ್ರಿ. ಎಲ್ಲಾ ಬರದಿಟ್ಟೀನಿ.”

“ಓದು ಹಂಗಾರ.”

ನಾನು ಹೆಮ್ಮೆಯಿಂದಲೇ ಓದಿದೆ. ಚಾದರ ಒಂದು. ಚೂಡಿದಾರ ನಾಲ್ಕು. ತಾಟು ಒಂದು. ಶೇಂಗಾ ಚಟ್ನಿ ಅರ್ಧ ಡಬ್ಬಿ. ಫೋನ್ ಒಂದು. ಚಾರ್ಜರ್ ಎರಡು. ಹಣಿಗೆ—

“ತಡಿ. ಫೋನ್ ಎಷ್ಟಂದಿ?”

“ಒಂದು.”

ಆಯಿ ಎರಡು ಬೆರಳು ಎತ್ತಿ ತೋರಿಸಿದರು. ನಾನು ಆ ಸಾಲನ್ನು ಇನ್ನೊಮ್ಮೆ ಓದಿದೆ. ನನ್ನದೇ ಅಕ್ಷರ, ದುಂಡಗೆ, ತಪ್ಪಿಲ್ಲದೆ ಬರೆದದ್ದು. ಎಂಟು ದಿನದಿಂದ ದಿನಾಲೂ ಅದೇ ಪುಟ ತಿರುವಿ ಮುಂದಿನ ಪುಟಕ್ಕೆ ಬರೆಯುತ್ತಿದ್ದೆ. ಅಣ್ಣನ ಫೋನ್ ಯಾಕೆ ಸತ್ತಿದೆ ಎಂದು 148 ಸಲ ಫೋನ್ ಹಚ್ಚಿ ಅತ್ತಿದ್ದೆ, ಅವನ ಚಾರ್ಜರನ್ನು ತಲೆದಿಂಬಿನಡಿ ಇಟ್ಟುಕೊಂಡು.

ಕಿಟಕಿಯಲ್ಲಿದ್ದ ಫಕೀರಪ್ಪ ಹದಿನಾಲ್ಕರ ಮಗ್ಗಿ ನಿಲ್ಲಿಸಿದ. “ಅಯ್ಯ ಇದರ! ನಾ ಮಿಕ್ಸರ ಬಿಟ್ಟು ಬಂದೆ, ಈಕಿ ಚಾರ್ಜರ ಹೊತ್ಕೊಂಡು ಬಂದಾಳ!”

ನಾನು ನಕ್ಕೆನೋ ಅತ್ತೆನೋ ಬರೆದಿಲ್ಲ. ಅವನು ಬದುಕಿದ್ದಾನೆ ಎಂದು ಅದರಿಂದ ಗೊತ್ತಾಗಲಿಲ್ಲ, ನಿಜ. ಆದರೆ ಫೋನ್ ಬಂದ್ ಆಗಲು ಸಾವೊಂದೇ ಕಾರಣ ಅಲ್ಲ ಎಂದು ಗೊತ್ತಾಯಿತು. “ನಿನ್ನ ಕಣ್ಣಿಗೆ ಅದು ಕಾಣ್ತಿದ್ದಿಲ್ಲ ತಂಗಿ” ಎಂದರು ಆಯಿ. “ತನ್ನ ಹೊಲದಾಗ ಕೂತಾಕಿಗೆ ಬೆಳಿನೂ ಕಳೆನೂ ಎಲ್ಲಾ ಹಸರ. ಅದಕ್ಕ ಮುಯ್ಯಿ ಮಾಡೂದು.” ಅಂದು ಕದ್ದು ಮಾಡಿದ ಚಿಂತೆ: 2.

ಮೇ 31, ಭಾನುವಾರ, ಬೆಳಿಗ್ಗೆ 10:20ಕ್ಕೆ ಫೋನ್ ಬಂತು. ಅಣ್ಣನ ಮೊದಲ ಮಾತು: “ನನ್ನ ಚಾರ್ಜರ ಎಲ್ಲೈತಿ?”

ಅವನಿಗೆ ಬಂದದ್ದು ಮಲೇರಿಯಾ. ಯಾರೋ ದವಾಖಾನೆಗೆ ಸೇರಿಸಿದ್ದರು. ಪಕ್ಕದ ಮಂಚಕ್ಕೆ ಹೊಸದಾಗಿ ಬಂದವನ ಚಾರ್ಜರ್ ಇವನ ಫೋನಿಗೆ ಕೂಡಿತ್ತು. ನಾನು ನೆಲಕ್ಕೆ ಕೂತು ಅಳತೊಡಗಿದೆ. ಹಿಂದಿನಿಂದ ಆಯಿಯ ದನಿ: “ಸಾಕ್ ಮಾಡು. ಸಂಜಿತನ ಅದು ಇನ್ನೂ ನಂದ ಐತಿ.” ಅಂದಂತೆಯೇ ಆ ಸಂಜೆಯೂ ಪಡುವಣಕ್ಕೆ ಕೂತು ತಮ್ಮ ದಿನ ಮುಗಿಸಿದರು. ದಿನವನ್ನು ಅರ್ಧಕ್ಕೆ ಬಿಟ್ಟು ಏಳಬಾರದಂತೆ. ಆಮೇಲೆ ಹೇಳಿದರು, “ನಾ ಹನ್ನೊಂದು ದಿನಾ ಮಾಡ್ದೆ, ನೀ ಹನ್ನೊಂದು ದಿನಾ ಮಾಡ್ದಿ. ಸಮಾ ಆತು. ಮುಗೀತು.”

“ಎಮ್ಮಿ?”

“ಈದಿರಬೇಕು ಬಿಡು.”

ಜೂನ್ 2ರಂದು ನಮ್ಮನ್ನು ಬಿಟ್ಟರು. ಲೆಕ್ಕ: ಉಪ್ಪಿಟ್ಟು 17 ಸಲ, ಮೂಗಿಗೆ ಕಡ್ಡಿ 1 ಸಲ, ಫಕೀರಪ್ಪ ಕಲಿತ ಮಗ್ಗಿಗಳು 4. ಮಾಸ್ತರು ಮೊದಲ ಸಲ ಮುಖ ತಿರುಗಿಸದೆ, ಎದುರಿಗೆ ನಿಂತು ಎಲ್ಲರ ಜ್ವರ ನೋಡಿದರು. ಆಯಿ ಟ್ರ್ಯಾಕ್ಟರ್ ಹತ್ತಿ ಪುರ್ತಗೇರಿಗೆ ಹೋದರು. ಒಮ್ಮೆ ಹೋಗಿ ಕಾಣಬೇಕು ಎಂದು ಆಮೇಲಿನ ದಿನಚರಿಗಳಲ್ಲಿ ಆರು ಸಲ ಬರೆದಿದ್ದೇನೆ. ಹೋಗಲಿಲ್ಲ.

ನಾನೀಗ ಮದುವೆಯಾಗಿ ಗಜೇಂದ್ರಗಡದಲ್ಲಿದ್ದೇನೆ. ಜಾನುವಾರು ಗಣತಿಯ ಕೆಲಸ ಸಿಕ್ಕಿದೆ. ಬರೆಯುವ ಕೆಲಸವೇ, ಚೀಲದ ಬದಲು ದನ. ನಿನ್ನೆ ಪುರ್ತಗೇರಿಯ ಒಂದು ಓಣಿಯಲ್ಲಿ ಬರೆದುಕೊಳ್ಳುತ್ತ ಹೋಗುವಾಗ ಒಂದು ಹಿತ್ತಿಲಲ್ಲಿ ಎಮ್ಮೆ ತಲೆ ಎತ್ತಿತು. ಎಡಗೊಂಬು ಕಣ್ಣಿನ ಕಡೆಗೆ ಬಾಗಿತ್ತು. ನನ್ನ ಪೆನ್ನು ನಿಂತಿತು. ಒಳಗೆ ಗೋಡೆಯ ಮೇಲೆ ಆಯಿಯ ಫೋಟೋ ಇತ್ತು, ಕುಂಕುಮ ಹಚ್ಚಿ, ಹಾರ ಹಾಕಿ.

“ಅತ್ತಿ ಹೋಗಿ ಎರಡು ವರ್ಷ ಆತ್ರಿ” ಎಂದರು ಸೊಸೆ. “ಶೇಂಗಾ ಹರಿಯೂ ಮುಂದ. ಮೂರು ದಿನಾ ಮಲಗಿದ್ಲು, ಅಷ್ಟ.”

ನಾನು ನನ್ನ ಕೆಲಸದ ಪ್ರಶ್ನೆಗಳ ಮರೆಗೆ ಸರಿದೆ. “ಎಮ್ಮಿ ಎಷ್ಟ್ರಿ?”

“ಎರಡು. ಅಕಿ ತಾಯಿ, ಇಕಿ ಮಗಳು.”

“ಮಗಳ ವಯಸ್ಸು?”

“ಐದು ತುಂಬೇತ್ರಿ. ಕೊರೊನಾ ಬರೂಕಿಂತ ಮೊದಲಿನ ಎಳ್ಳಮಾಸಿಗೆ ಹುಟ್ಟಿದ್ದು. ಕರಾ ಅಡ್ಡ ಬಿದ್ದಿತ್ತು, ನಮ್ಮತ್ತೀನ ಕೈ ಹಾಕಿ ಎಳದ್ಲು. ಅದು ಆಗಿ ಸಂಕ್ರಮಣ ಮುಗಿಸ್ಕೊಂಡ ಗೋವಾಕ್ಕ ಹ್ವಾದ್ಲು.”

“ಲಾಕ್‌ಡೌನಿನ್ಯಾಗ ಈಯಾಕ ಬಂದಿದ್ದಿಲ್ಲೇನ್ರಿ ಇದು?”

“ಲಾಕ್‌ಡೌನಿನ್ಯಾಗ ಹಾಲು ಹಿಂಡಾಕತ್ತಿದ್ವೆಲ್ರಿ. ಯಾಕ್ರಿ?”

ನಡುವಿನ ಸಾಲಿನಲ್ಲಿ ಕೂತವಳು ನಾನು ಎಂದು ಅವರಿಗೆ ಹೇಗೆ ಹೇಳುವುದು? ಹನ್ನೊಂದು ದಿನ, ಇಪ್ಪತ್ತೆರಡು ಹೊತ್ತು, ಹುಟ್ಟಿ ಐದು ತಿಂಗಳಾಗಿ ಅಂಗಳದಲ್ಲಿ ಜಿಗಿದಾಡುತ್ತಿದ್ದ ಕರುವೊಂದು ಸರಿಯಾಗಿ ಹುಟ್ಟಲಿ ಎಂದು ಮೂಡಣಕ್ಕೆ ಮುಖ ಮಾಡಿ ಕೂತಿದ್ದೆ.

ರಾತ್ರಿ ಊಟವಾದ ಮೇಲೆ 2020ರ ದಿನಚರಿ ಹುಡುಕಿ ತೆಗೆದೆ. ಅದರಲ್ಲಿ ಒಂದು ಲೆಕ್ಕವಿದೆ, ನಾನೇ ಬರೆದು ಮರೆತದ್ದು: “ಸಂಜೆ ಮುಯ್ಯಿ ಮುಗಿದ ಮೇಲೆ ಆಯಿ ಟಾಕಿಯ ಹಿಂದೆ ಸರಿದು ಹೋಗಿ ಮತ್ತೊಮ್ಮೆ ಕೂತದ್ದು, ಬಡಗಣಕ್ಕೆ ಮುಖ: 9 ಸಲ. ಕೇಳಿದ್ದಕ್ಕೆ, ಮೊಣಕಾಲು ಹಿಡಿದಾವ, ಅಲ್ಲಿ ಗಾಳಿ ಐತಿ ಎಂದರು.” ಗೋವಾ ಪಡುವಣಕ್ಕೆ. ಪುರ್ತಗೇರಿ ಮೂಡಣಕ್ಕೆ. ಬಡಗಣಕ್ಕೆ ಯಾರಿದ್ದರು? ಇವತ್ತು ಎದ್ದ ಕೂಡಲೇ ಸೊಸೆಗೆ ಫೋನ್ ಹಚ್ಚಿದೆ. ಗಣತಿಯವಳು ನಸುಕಿನಲ್ಲಿ ಯಾಕೆ ಫೋನ್ ಮಾಡಿದಳೋ ಎಂದು ಅವರು ಗಾಬರಿಯಾದರು. “ಆ ಕಡೆ ನಮ್ಮವ್ರು ಯಾರೂ ಇಲ್ರೀ. ಅಕಿ ಊರ ಮಂದೀ ಚಿಂತಿ ಮಾಡಾಕಿ, ತನ್ನ ಚಿಂತಿ ಯಾರ ಮುಂದನೂ ಹೇಳಾಕಿ ಅಲ್ಲ” ಎಂದರು.

ಹಾಗಾಗಿ ಈ ಮಾತು ಆಯಿಯ ಜೊತೆ ಸಾಲು ಹಿಡಿದವರಿಗೆ. ಪುರ್ತಗೇರಿ, ಅಸೂಟಿ, ಚಿಕ್ಕನರಗುಂದದ ಹೊಲಗಳಲ್ಲಿ ಕಳೆ ತೆಗೆದ ಅಕ್ಕಂದಿರೇ, ಗೋವಾದಲ್ಲಿ ಅವರ ಜೊತೆ ರಸ್ತೆಗೆ ಜಲ್ಲಿ ಹೊತ್ತವರೇ, ಮೇಲಿನ ಎರಡು ಹಲ್ಲಿಲ್ಲದ, ಹೆಬ್ಬೆರಳ ಬುಡದಲ್ಲಿ ಹುಣಸೆಬೀಜದಷ್ಟು ಗಂಟಿದ್ದ, ಕೂತಲ್ಲಿಂದಲೇ ಊರು ತಿರುಗುತ್ತಿದ್ದ ಈ ಹೆಣ್ಣುಮಗಳು ಬಡಗಣಕ್ಕೆ ಮುಖ ಮಾಡಿ ಯಾರನ್ನು ನೆನೆಯುತ್ತಿದ್ದರು ಎಂದು ನಿಮಗೆ ಗೊತ್ತಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಓದು ಬರಹ ಬಾರದವರು ಮಕ್ಕಳಿಂದ ಬರೆಸಿರಿ. ಹನ್ನೊಂದು ದಿನದ ಮುಯ್ಯಿ ನನ್ನ ಮೇಲೆ ಬಾಕಿ ಇದೆ. ಇವತ್ತು ಸಂಜೆಯಿಂದಲೇ ಬಡಗಣಕ್ಕೆ ಕೂಡುತ್ತೇನೆ, ಯಾರ ಚಿಂತೆ ಎಂದು ನೀವು ಬರೆದ ಮೇಲೆ ಅದನ್ನು ಮಾಡುತ್ತೇನೆ.

ಎಮ್ಮೆಯ ವಿಷಯ ಮಾತ್ರ ಬರೆಯಬೇಡಿ. ಅದು ಆಗಿದೆ.